ಟಿವಿ ವ್ಯಾನು ತಂದ ಅಣ್ಣ

ಆ ವ್ಯಾನು ಕ್ಲಿಫರ್ಡ್ ಬೆಲ್‌ನ ಮನೆ ಮುಂದೆ ನಿಂತದ್ದೇ ಎಡವಟ್ಟಾಯಿತು. ವೈಟ್‌ಹೇವನ್ ಊರಿನಲ್ಲಿ ಹಳೆಯ ಟಿವಿ ಪ್ರಸಾರ ನಿಂತು ಡಿಜಿಟಲ್ ಬರುವುದರಲ್ಲಿತ್ತು. ಎಪ್ಪತ್ತೈದು ದಾಟಿದವರಿಗೆ ಟಿವಿಗೆ ಹೊಸ ಡಿಜಿಟಲ್ ಪೆಟ್ಟಿಗೆ ಜೋಡಿಸಿಕೊಡಲೆಂದು ಸರ್ಕಾರ ಪಿಂಚಣಿದಾರರ ಹೆಸರು, ವಯಸ್ಸುಗಳನ್ನೆಲ್ಲ ಟಿವಿಯವರಿಗೆ ಕೊಟ್ಟಿತ್ತು. ವ್ಯಾನು ನಿಂತ ಮನೆಯಲ್ಲಿ ಮುದುಕರಿದ್ದಾರೆ ಎಂಬುದು ಬೀದಿಯ ಬೆಕ್ಕುಗಳಿಗೂ ಗೊತ್ತಿತ್ತು.

ಕ್ಲಿಫರ್ಡ್‌ಗೆ ಎಪ್ಪತ್ತೆಂಟು. ಚರ್ಚಿನ ಹಾಲ್‌ನಲ್ಲಿ ಜೊತೆಗೆ ಕುಣಿಯುವ ಮ್ಯೂರಿಯಲ್‌ಗೆ ಅವನು ಹೇಳಿದ್ದು ಅರವತ್ತೊಂಬತ್ತು. ಮದುವೆಯ ಮಾತೆತ್ತಲೆಂದು ಇವತ್ತು ಅವಳನ್ನು ಚಹಾಕ್ಕೆ ಕರೆದಿದ್ದ.

ಎದುರುಮನೆಯ ಮಿಸೆಸ್ ಹಾಡ್ಜ್‌ಸನ್ ಕರೆಯದೆಯೇ ಬಂದು ಬಾಗಿಲಲ್ಲಿ ನಿಂತಳು. "ಏನ್ರೀ ಕ್ಲಿಫರ್ಡ್, ನಿಮಗೂ ಬಂತಾ ಮುದುಕರ ವ್ಯಾನು?"

ಒಳಗೆ ಚಹಾ ಕುಡಿಯುತ್ತಿದ್ದ ಮ್ಯೂರಿಯಲ್‌ಳ ಕಪ್ಪು ಸದ್ದಿಲ್ಲದೆ ಸಾಸರಿಗೆ ಇಳಿಯಿತು.

"ನನಗಲ್ಲಮ್ಮ, ನಮ್ಮಣ್ಣ ಸೆಡ್ರಿಕ್‌ಗೆ. ಮಹಡಿ ಮೇಲೆ ಮಲಗಿದಾನೆ," ಅಂದುಬಿಟ್ಟ ಕ್ಲಿಫರ್ಡ್. ಅವನಿಗೆ ಅಣ್ಣನೇ ಇರಲಿಲ್ಲ.

ವ್ಯಾನಿನಲ್ಲಿ ಬಂದಿದ್ದ ಮೆಕ್ಯಾನಿಕ್ ಡೆರೆಕ್ ಕೆಳಗೆ ಪೆಟ್ಟಿಗೆ ಜೋಡಿಸಿ, ರಿಮೋಟನ್ನು ಖುದ್ದು ಹಿರಿಯರಿಗೇ ಕಲಿಸಬೇಕು, ಅದು ನಿಯಮ ಎಂದ. ಪಾಪ, ನಾನೂ ನೋಡಿ ಬರುತ್ತೇನೆ ಎಂದು ಮ್ಯೂರಿಯಲ್ ಎದ್ದಳು. ಹಾಲು ಮುಗಿದಿದೆ, ತರುತ್ತೇನೆ ಎಂದು ಹೊರಬಿದ್ದ ಕ್ಲಿಫರ್ಡ್ ಹಿತ್ತಲಿನ ಕಲ್ಲಿದ್ದಲು ಕೋಣೆಯ ಸೂರು ಹತ್ತಿ, ಮಹಡಿಯ ಕಿಟಕಿಯಲ್ಲಿ ಹಿಟ್ಟಿನ ಮೂಟೆಯಂತೆ ಒಳಗುರುಳಿ, ಪರದೆ ಎಳೆದು, ಮೂಗಿನವರೆಗೆ ಕಂಬಳಿ ಹೊದ್ದ.

ಮ್ಯೂರಿಯಲ್ ಜೊತೆ ಮೇಲೆ ಬಂದ ಡೆರೆಕ್ ರಿಮೋಟಿನ ಗುಂಡಿ ಒತ್ತುವುದನ್ನು ಕಲಿಸಿದ. ಕಂಬಳಿ ತಲೆಯಾಡಿಸಿತು. ಅವನು ಹೋದ ಮೇಲೂ ಮ್ಯೂರಿಯಲ್ ಹೋಗಲಿಲ್ಲ. ಕತ್ತಲಲ್ಲಿ ಸ್ಟೂಲಿನ ಮೇಲೆ ಕೂತು, ತೀರಿಕೊಂಡ ಗಂಡನ ಬಗ್ಗೆ ಮೆಲ್ಲಗೆ ಮಾತಾಡತೊಡಗಿದಳು. ಕ್ಲಿಫರ್ಡ್‌ಗೆ ಅವಳು ಎಂದೂ ಹೇಳದ ಮಾತುಗಳವು. ಅವನ ವಟವಟದ ನಡುವೆ ಅವಕ್ಕೆ ಜಾಗವೇ ಸಿಕ್ಕಿರಲಿಲ್ಲ. ಈಗ ಬಾಯಿಬಿಟ್ಟರೆ ದನಿ ಗುರುತು ಸಿಗುತ್ತದೆ. ಸುಮ್ಮನೆ ಕೇಳಿದ. ಅವಳು ಅತ್ತಾಗ ಕಂಬಳಿಯಿಂದ ಒಂದು ಕೈ ಹೊರಬಂದು ಅವಳ ಕೈ ಹಿಡಿಯಿತು.

ಅವಳು ಇಳಿದುಹೋದ ಮೇಲೆ ಮತ್ತೆ ಸೂರಿನಿಂದಿಳಿದು, ಹಾಲಿಲ್ಲದೆ, ಮುಂಬಾಗಿಲಿನಿಂದ ಒಳಬಂದ. ಧೈರ್ಯ ಉಕ್ಕುತ್ತಿತ್ತು. ಮ್ಯೂರಿಯಲ್ ಕೋಟು ಹಾಕಿಕೊಳ್ಳುತ್ತಿದ್ದಳು.

"ಬೇಜಾರು ಮಾಡ್ಕೋಬೇಡಿ ಕ್ಲಿಫರ್ಡ್. ನಂಗೆ ಬೇಕಾಗಿದ್ದು ಎಂಥವ್ರು ಅಂತ ಇವತ್ತು ಗೊತ್ತಾಯ್ತು. ನಿಮ್ಮಣ್ಣಂಗೆ ವಯಸ್ಸಾದ್ರೇನು, ಎಷ್ಟು ಚೆನ್ನಾಗಿ ಕೇಳಿಸ್ಕೋತಾರೆ. ನಾಳೆ ಬರ್ತೀನಿ. ಆ ಹೊತ್ತಿಗೆ ನೀವೊಂಚೂರು ಎಲ್ಲಾದ್ರೂ ಹೋಗಿರಿ, ಆಯ್ತಾ?"

ಕ್ಲಿಫರ್ಡ್ ಬಾಯಿ ತೆರೆದ. ನಿಜ ಹೇಳಿದರೆ ಅವಳು ತಮ್ಮನ ಜೊತೆಗೆ ಅಣ್ಣನನ್ನೂ ಬಿಟ್ಟುಹೋಗುತ್ತಾಳೆ ಎಂದು ಹೊಳೆದು, ಮುಚ್ಚಿಕೊಂಡ.