ನಾಲ್ಕು ನಿಮಿಷದ ದೂರು

ಶುಕ್ರವಾರ ಬೆಳಿಗ್ಗೆ ಎಂಟೂಕಾಲಿಗೆ ಪ್ರೇಬೆನ್ ಇನ್ನೂ ಸೈಕಲ್ಲಿನ ಹೆಲ್ಮೆಟ್ಟನ್ನೇ ತೆಗೆದಿರಲಿಲ್ಲ, ಆಗಲೇ ಆ ಮೇಲ್ ಬಂದು ಕೂತಿತ್ತು. ಓಡರ್ ಊರಿನ ಬೇಕರಿಯಿಂದ ಡೋರ್ಟೆ ಬರೆದಿದ್ದಳು: "ನಿಮ್ಮ ಹೊಸ ಆವೃತ್ತಿ ಬಂದಾಗಿನಿಂದ 'ನಾಳೆಯ ಹಿಟ್ಟು' ಬಟನ್ ಒತ್ತಿದರೆ ನಾಲ್ಕು ನಿಮಿಷ ತೆಗೆದುಕೊಳ್ಳುತ್ತಿದೆ. ಹೀಗಾದರೆ ನಾವು ಕೆಲಸ ಮಾಡುವುದು ಹೇಗೆ? ಇವತ್ತೇ ಸರಿಮಾಡಿ."

ಬೇರೆ ಯಾವ ದಿನ ಬಂದಿದ್ದರೂ ಪ್ರೇಬೆನ್‌ಗೆ ಇಷ್ಟು ಗಾಬರಿಯಾಗುತ್ತಿರಲಿಲ್ಲ.

ಅವರ ಆಫೀಸು ಹೋರ್ಸೆನ್ಸ್ ಬಂದರಿನ ಹಳೆಯ ಉಗ್ರಾಣವೊಂದರ ಎರಡನೆಯ ಮಹಡಿಯಲ್ಲಿತ್ತು. ಇದ್ದವರು ನಾಲ್ಕು ಜನ. ನಾಳೆಗೆ ಎಷ್ಟು ರೈ ಹಿಟ್ಟು, ಎಷ್ಟು ಬೆಣ್ಣೆ, ಎಷ್ಟು ಏಲಕ್ಕಿ ಬೇಕೆಂದು ಬೇಕರಿಯವರಿಗೆ ಹೇಳುವ ಒಂದೇ ಒಂದು ಪ್ರೋಗ್ರಾಂ ಮಾಡಿ, ಅದಕ್ಕೇ ಹದಿನೆಂಟು ವರ್ಷದಿಂದ ತೇಪೆ ಹಾಕುತ್ತ ಬದುಕಿದ್ದರು. ಅಲ್ಲಿ ಒಂದು ಕಟ್ಟಳೆಯಿತ್ತು. ಯಾರ ಕೈಯಿಂದ ಪ್ರೋಗ್ರಾಂ ಕೆಡುತ್ತದೋ ಅವರು ಮುಂದಿನ ಶುಕ್ರವಾರ ಎಲ್ಲರಿಗೂ ಕೇಕ್ ತರಬೇಕು. ಅಂಗಡಿಯದು ನಡೆಯದು, ಸ್ವಂತ ಕೈಯಲ್ಲಿ ಬೇಯಿಸಿದ್ದೇ ಆಗಬೇಕು. ಅಡುಗೆಕೋಣೆಯ ಹಲಗೆಯ ಮೇಲೆ ಪ್ರತಿಯೊಬ್ಬರ ಹೆಸರಿನ ಮುಂದೆ ಕೇಕಿನ ಗೀಟುಗಳು. ವಿಬೆಕೆಗೆ ಹನ್ನೊಂದು. ಅಸ್ಗರ್‌ಗೆ ಹತ್ತೊಂಬತ್ತು, ಅವನು ಕೆಡಿಸಿ ಕೆಡಿಸಿಯೇ ಒಳ್ಳೆಯ ಬಾಣಸಿಗನಾಗಿದ್ದ. ಪ್ರೇಬೆನ್‌ನ ಹೆಸರಿನ ಮುಂದೆ ಏನೂ ಇಲ್ಲ. ಇವತ್ತು ಮಧ್ಯಾಹ್ನ ಮೂರಕ್ಕೆ ಹತ್ತು ವರ್ಷ ತುಂಬುತ್ತದೆ.

ಹತ್ತು ವರ್ಷ ಕೇಕಿಲ್ಲದೆ ಕಳೆದವರಿಗೆ ಸಮುದ್ರದ ಕಡೆಯ ಕಿಟಕಿಯ ಮೇಜು ಕೊಡುತ್ತೇನೆಂದು ಯಜಮಾನ ಹೆನ್ನಿಂಗ್ ಮಾತು ಕೊಟ್ಟಿದ್ದ. ಈ ವಸಂತದಲ್ಲಿ ಗುದ್ರೂನ್ ನಿವೃತ್ತಳಾದಾಗಿನಿಂದ ಆ ಮೇಜು ಖಾಲಿ ಇತ್ತು. ಪ್ರೇಬೆನ್ ಹತ್ತು ವರ್ಷದಿಂದ ಕೂತಿದ್ದು ಶೌಚಾಲಯದ ಬಾಗಿಲ ಪಕ್ಕದಲ್ಲಿ. ಯಾರು ಎಷ್ಟು ಕಾಫಿ ಕುಡಿದಿದ್ದಾರೆ ಎಂಬುದು ಅವನಿಗೆ ಅವರಿಗಿಂತ ಚೆನ್ನಾಗಿ ಗೊತ್ತಿರುತ್ತಿತ್ತು.

"ಏನೋ, ಮುಖ ಯಾಕೆ ಹಾಗಾಯ್ತು?" ವಿಬೆಕೆ ಹಿಂದಿನಿಂದ ಇಣುಕಿದಳು. ಮೇಲ್ ಓದಿ ಅವಳ ಕಣ್ಣು ಮಿನುಗಿತು. "ಹೋದ ವಾರದ ಆವೃತ್ತೀಲಿ ಕೈ ಹಾಕಿದ್ದು ನೀನೊಬ್ಬನೇ ಅಲ್ವಾ?"

"ನಾನು ಹಾಕಿದ್ದೇನೂ ಇಲ್ಲ! ಒಂದು ಸಾಲು ತೆಗೆದೆ ಅಷ್ಟೆ. ಯಾತಕ್ಕೂ ಬಾರದ ಸಾಲು, ಕಸ. ಸಾಲು ತೆಗೆದರೆ ಪ್ರೋಗ್ರಾಂ ಹಗುರ ಆಗಬೇಕು, ಭಾರ ಆಗೋದು ಹೇಗೆ?"

"ನನಗೆ ಸೇಬಿನ ಕೇಕು ಇಷ್ಟ," ಎಂದು ಅಸ್ಗರ್ ಕೂತಲ್ಲಿಂದಲೇ ಕೂಗಿದ.

ಪ್ರೇಬೆನ್ ತನ್ನ ಕಂಪ್ಯೂಟರಿನಲ್ಲಿ ಬಟನ್ ಒತ್ತಿದ. ಕಣ್ಣು ಮಿಟುಕಿಸುವಷ್ಟರಲ್ಲಿ ಪಟ್ಟಿ ಬಂತು. "ನೋಡಿ! ನನ್ನ ಹತ್ತಿರ ಸರಿಯಾಗೇ ಓಡ್ತಿದೆ!"

"ಎಲ್ಲರೂ ಹಾಗೇ ಹೇಳೋದು," ಎಂದ ಹೆನ್ನಿಂಗ್, ಕಾಫಿ ಲೋಟ ಹಿಡಿದು ಬರುತ್ತ. "ಕೆಟ್ಟಿರೋದು ಓಡರ್‌ನಲ್ಲಿ. ನಿನ್ನ ಕಂಪ್ಯೂಟರನ್ನ ಅವಳಿಗೆ ಕಳಿಸೋಕಾಗುತ್ತಾ?"

ಪ್ರೇಬೆನ್ ಡೋರ್ಟೆಯ ಬೇಕರಿಯ ಪೂರ್ತಿ ದತ್ತಾಂಶ ತರಿಸಿಕೊಂಡು ನೋಡಿದ. ಅವನ ಪರೀಕ್ಷೆಯ ಕಡತದಲ್ಲಿದ್ದದ್ದು ಮೂರು ರೆಸಿಪಿ. ಡೋರ್ಟೆಯದರಲ್ಲಿ ಆರುನೂರ ನಲವತ್ತು. ಬಟನ್ ಒತ್ತಿದ. ಪರದೆಯ ಮೇಲಿನ ಪ್ರೋಗ್ರಾಂ ಕಿಟಕಿ ಬೆಳ್ಳಗಾಗಿ, ಸತ್ತ ಮೀನಿನ ಹಾಗೆ ಬಿದ್ದುಕೊಂಡಿತು. ಸರಿಯಾಗಿ ನಾಲ್ಕು ನಿಮಿಷ.

ಆಮೇಲೆ ಸಲಹೆಗಳು ಬರತೊಡಗಿದವು. ಪಕ್ಕದವನು ಕಷ್ಟದಲ್ಲಿದ್ದಾಗ ಬುದ್ಧಿ ಹೇಳುವ ಸುಖವನ್ನು ಆ ಆಫೀಸಿನಲ್ಲಿ ಯಾರೂ ಬಿಟ್ಟುಕೊಡುತ್ತಿರಲಿಲ್ಲ.

"ಲೆಕ್ಕಾನ ಹಿಂದುಗಡೆ ಓಡಿಸು ಮಾರಾಯ, ಕಿಟಕಿ ಹ್ಯಾಂಗ್ ಆಗಲ್ಲ," ಎಂದಳು ವಿಬೆಕೆ. ಹಾಗೇ ಮಾಡಿದ. ಕಿಟಕಿ ಹ್ಯಾಂಗ್ ಆಗಲಿಲ್ಲ. ಏನೂ ಆಗುತ್ತಿಲ್ಲವಲ್ಲ ಎಂದು ಹೆನ್ನಿಂಗ್ ಅದೇ ಬಟನ್ನನ್ನು ಇನ್ನೂ ಐದು ಸಲ ಒತ್ತಿದ. ಆರೂ ಲೆಕ್ಕ ಒಟ್ಟಿಗೇ ಓಡಿ, ಒಂದರ ಮೇಲೊಂದು ಕೂಡಿಕೊಂಡು, ನಾಳೆಗೆ ಎರಡೂವರೆ ಟನ್ ಬೆಣ್ಣೆ ಬೇಕೆಂದು ತೋರಿಸಿದವು.

"ಹಳೇ ಸೆಟ್ಟಿಂಗ್ ಎಲ್ಲಾ ಅಳಿಸಿಬಿಡು, ನಂದು ಯಾವಾಗಲೂ ಅದರಿಂದಾನೇ ಸರಿಹೋಗೋದು," ಎಂದ ಅಸ್ಗರ್. ಅಳಿಸಿದ. ಪ್ರೋಗ್ರಾಂ ತೆರೆದುಕೊಂಡಿತು, ಆದರೆ ಕಿಟಕಿ ಪರದೆಯಾಚೆ ಎಲ್ಲೋ ಹೋಗಿ ನಿಂತಿತು. ಅದನ್ನು ಮೌಸ್ ಹಿಡಿದು ಒಳಗೆಳೆಯುವುದಕ್ಕೆ ಅರ್ಧ ಗಂಟೆ. ಒಳಗೆ ಬಂದಾಗ ಅದರಲ್ಲಿದ್ದ ಡ್ಯಾನಿಶ್ ಅಕ್ಷರಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿದ್ದವು.

ಹನ್ನೊಂದೂವರೆಗೆ ಎಲ್ಲರೂ ಊಟಕ್ಕೆ ಎದ್ದರು. ಪ್ರೇಬೆನ್ ಏಳಲಿಲ್ಲ. ರೈ ಬ್ರೆಡ್ಡಿನ ಮೇಲೆ ಹೆರಿಂಗ್ ಮೀನಿಟ್ಟುಕೊಂಡು ಕಚ್ಚುತ್ತ ಅವರು ಒಳಗೆ ಸೇಬಿನ ಕೇಕೋ ಚಾಕೊಲೇಟ್ ಕೇಕೋ ಎಂದು ಮತ ಹಾಕುತ್ತಿದ್ದುದು ಅವನಿಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಕೇಕ್ ಮಾಡುವುದು ಅವನಿಗೆ ದೊಡ್ಡ ವಿಷಯವೇನಲ್ಲ, ಹೇಗೋ ಮಾಡುತ್ತಿದ್ದ. ಆದರೆ ಸಮುದ್ರದ ಕಡೆಯ ಆ ಕಿಟಕಿ! ಹತ್ತು ವರ್ಷ ಅವನು ಒಂದೊಂದು ಸಾಲನ್ನೂ ಮೂರು ಸಲ ನೋಡಿ ಕಳಿಸಿದ್ದು ಆ ಒಂದು ಕಿಟಕಿಗಾಗಿ.

ಮಾಡಿದ ಬದಲಾವಣೆಗಳನ್ನೆಲ್ಲ ಕಿತ್ತೆಸೆದು, ಮೊದಲಿನಿಂದ ಒಂದೊಂದೇ ಸಾಲು ಓದುತ್ತ ಹೋದ. ಒಂದೂಮುಕ್ಕಾಲಿಗೆ ಸಿಕ್ಕಿತು. ಪ್ರತಿ ರೆಸಿಪಿ ಲೆಕ್ಕ ಹಾಕುವ ಮೊದಲು ಪ್ರೋಗ್ರಾಂ ಎಲ್ಲ ಆರುನೂರ ನಲವತ್ತು ರೆಸಿಪಿಗಳನ್ನೂ ಮೊದಲಿನಿಂದ ಓದುತ್ತಿತ್ತು. ಒಂದಾದಮೇಲೊಂದರಂತೆ, ಆರುನೂರ ನಲವತ್ತು ಸಲ. ಬರೆದವರು ಯಾರೆಂದು ನೋಡಿದ. ಅವನಲ್ಲ. ನಾಲ್ಕು ವರ್ಷದ ಹಿಂದೆ, ಗುದ್ರೂನ್.

"ಬನ್ನಿ ಇಲ್ಲಿ! ಎಲ್ಲರೂ ಬನ್ನಿ!" ಪ್ರೇಬೆನ್ ಕುರ್ಚಿಯಿಂದ ಎಗರಿಯೇ ಬಿಟ್ಟ. "ನೋಡಿ ನಿಮ್ಮ ಗುದ್ರೂನ್ ಮಾಡಿಟ್ಟು ಹೋಗಿರೋದನ್ನ! ಮೂವತ್ತು ವರ್ಷದ ಅನುಭವ ಅಂತೆ! ನಿನ್ನೆ ಮೌಸ್ ಹಿಡಿದವನೂ ಹೀಗೆ ಬರೆಯಲ್ಲ!"

ಗುದ್ರೂನ್ ಎಂದೂ ಇಂಥ ತಪ್ಪು ಮಾಡಿದವಳಲ್ಲ. ವಿಬೆಕೆ ಹುಬ್ಬು ಗಂಟಿಕ್ಕಿ ಪರದೆ ನೋಡಿದಳು. "ಅವಳು ಹೀಗೆ ಬರೆದಳಾ? ಒಂದು ಫೋನ್ ಮಾಡಿ ಕೇಳೋಣ ತಡಿ."

"ಏನು ಕೇಳೋದು? ಕಣ್ಣಿಗೆ ಕಾಣ್ತಾ ಇದೆಯಲ್ಲ!"

ಒಂದೇ ಸಲ ಓದುವಂತೆ ಬದಲಿಸಿ ಬಟನ್ ಒತ್ತಿದ. ಎರಡು ಸೆಕೆಂಡು. ಇನ್ನೊಮ್ಮೆ ಒತ್ತಿದ. ಎರಡೇ ಸೆಕೆಂಡು. ಎರಡೂವರೆಗೆ ಹೊಸ ಆವೃತ್ತಿ ಎಲ್ಲ ಬೇಕರಿಗಳಿಗೂ ಹೊರಟಿತು. ಹೆನ್ನಿಂಗ್ ಅವನ ಬೆನ್ನು ತಟ್ಟಿ, "ತಪ್ಪು ಹೋದವಳದು, ಹಲಗೆ ನಿನ್ನದು ಖಾಲಿ. ಮೇಜು ನಿನ್ನದು," ಎಂದ. ಅಸ್ಗರ್ ಬೇಸರದಿಂದಲೇ ಕಂಪ್ಯೂಟರಿನ ಒಂದು ಕಡೆ ಹಿಡಿದ, ಪ್ರೇಬೆನ್ ಇನ್ನೊಂದು ಕಡೆ ಹಿಡಿದ. ಕಂಪ್ಯೂಟರು, ಕುರ್ಚಿ, ಕಳ್ಳಿಗಿಡದ ಕುಂಡ ಎಲ್ಲವೂ ಕಿಟಕಿಯ ಬಳಿಗೆ ಹೋದವು. ಹೊರಗೆ ನೀರು ಹೊಳೆಯುತ್ತಿತ್ತು. ಒಂದು ದೋಣಿ ಕೂಡ ಇತ್ತು. ಪ್ರೇಬೆನ್‌ಗೆ ಕಣ್ಣು ತುಂಬಿ ಬಂತು.

ಎರಡು ಗಂಟೆ ಐವತ್ತಕ್ಕೆ ಫೋನ್. ಡೋರ್ಟೆ! ಹೊಗಳಿಕೆಯನ್ನು ಎಲ್ಲರೂ ಕೇಳಲಿ ಎಂದು ಪ್ರೇಬೆನ್ ಸ್ಪೀಕರ್ ಒತ್ತಿದ.

"ಏನಪ್ಪಾ ಇದು ಪ್ರೇಬೆನ್? ಬಟನ್ ಒತ್ತಿ ಲೋಟಕ್ಕೆ ಕೈ ಹಾಕೋಷ್ಟರಲ್ಲಿ ಮುಗಿದೇಹೋಯ್ತು!"

"ಹೌದಲ್ವಾ! ಎರಡೇ ಸೆಕೆಂಡು!"

"ನಾಲ್ಕು ನಿಮಿಷ ಸಾಲಲ್ಲ ಅಂತ ನಾನು ಬರೆದ್ರೆ ನೀನು ಎರಡು ಸೆಕೆಂಡು ಮಾಡಿ ಕೂತಿದ್ದೀಯಲ್ಲೋ!"

"ಸಾಲಲ್ಲ ಅಂದ್ರೆ..." ಎಂದ ಪ್ರೇಬೆನ್, ಸಣ್ಣ ದನಿಯಲ್ಲಿ.

"ನಾವು ಬೆಳಗಿನ ಜಾವ ಐದಕ್ಕೆ ಕೆಲಸಕ್ಕೆ ಬಂದೋರು ಕಣಪ್ಪ. ನಾಲ್ಕು ವರ್ಷದ ಕೆಳಗೆ ಹೊಸ ಮ್ಯಾನೇಜರ್ ಬಂದ, ಮಧ್ಯಾಹ್ನದ ಕಾಫಿ ಬಿಡುವು ತೆಗೆದುಹಾಕಿದ. ಕಂಪ್ಯೂಟರ್ ಕೆಲಸ ಮಾಡ್ತಿರೋವಾಗ ಮಾತ್ರ ಕೂತ್ಕೊಳ್ಳಿ ಅಂದ. ಆಗ ನಿಮ್ಮ ಗುದ್ರೂನ್ ಏನೋ ರಿಪೇರಿಗೆ ಬಂದಿದ್ಲು. ನಮ್ಮ ದಾಲ್ಚಿನ್ನಿ ಬನ್ನು ಎರಡು ತಿಂದು, ಎಲ್ಲಾ ಕೇಳಿಸ್ಕೊಂಡು, ಒಂದೂ ಮಾತಾಡದೆ ಟಕಟಕ ಅಂತ ಬರೆದು ಹೋದ್ಲು. ಅವತ್ತಿಂದ ದಿನಾ ಹದಿನೈದು ನಿಮಿಷ! ಪರದೆ ಬೆಳ್ಳಗಾಗುತ್ತೆ, ಮ್ಯಾನೇಜರೇ 'ಏನ್ಮಾಡೋದು, ಕಂಪ್ಯೂಟರ್ ನಿಧಾನ' ಅಂತ ನಮ್ಮ ಜೊತೆ ಕೂತು ಕುಡೀತಾನೆ. ಹೋದ ವಾರ ಅದ್ಯಾರೋ ಪುಣ್ಯಾತ್ಮ ಅದನ್ನ ನಾಲ್ಕು ನಿಮಿಷಕ್ಕಿಳಿಸಿದ. ನಾಲ್ಕು ನಿಮಿಷಕ್ಕೆ ಕಾಫಿ ಆರೋದೂ ಇಲ್ಲ!"

ಪ್ರೇಬೆನ್ ಕಸವೆಂದು ತೆಗೆದ, ಗುದ್ರೂನ್‌ಳದೇ ಆದ ಆ ಒಂದು ಸಾಲು ಈಗ ಅವನ ಕಣ್ಣ ಮುಂದೆ ಬಂದು ನಿಂತಿತು. ಹದಿನೈದರಿಂದ ನಾಲ್ಕು ಮಾಡಿದವನು ತಾನೇ. ನಾಲ್ಕರಿಂದ ಎರಡು ಸೆಕೆಂಡಿಗೆ ಇಳಿಸಿದವನೂ ತಾನೇ. ಇಡೀ ದಿನದಲ್ಲಿ ಡೋರ್ಟೆಗೆ ಒಂದು ಫೋನ್ ಮಾಡಿ ಏನಮ್ಮಾ ಕಷ್ಟ ಎಂದು ಕೇಳಬೇಕೆಂದು ನಾಲ್ವರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

ಹೆನ್ನಿಂಗ್ ಫೋನಿನತ್ತ ಬಗ್ಗಿದ. "ಇದು ನಿಮ್ಮ ಬೇಕರಿ ಮಾತು ಮಾತ್ರ ತಾನೆ?"

"ಹಾಗಂದ್ಕೊಂಡ್ಯಾ? ಆರ್ಹುಸ್‌ವರೆಗೂ ಇರೋ ಬೇಕರಿ ಹೆಂಗಸರೆಲ್ಲ ನನ್ನ ಕೇಳ್ಕೊಂಡೇ ನಿಮ್ಮ ಪ್ರೋಗ್ರಾಂ ತರಿಸ್ಕೊಂಡಿದ್ದು. ಇಲ್ಲದಿದ್ರೆ ಬೆಣ್ಣೆ ಲೆಕ್ಕಕ್ಕೆ ಪೆನ್ಸಿಲ್ ಸಾಲದಾ?"

ಹೆನ್ನಿಂಗ್‌ನ ಮುಖ ಬಿಳುಚಿಕೊಂಡಿತು. ಹೋದ ನಾಲ್ಕು ವರ್ಷದಲ್ಲಿ ಗಿರಾಕಿಗಳು ಮೂರು ಪಟ್ಟು ಹೆಚ್ಚಿದ್ದು ತನ್ನ ಜಾಹೀರಾತಿನಿಂದ ಎಂದು ಅವನು ನಂಬಿದ್ದ. "ಪ್ರೇಬೆನ್, ಇವತ್ತೇ ಹದಿನೈದು ನಿಮಿಷ ಮಾಡಿ ಕಳಿಸು," ಎಂದ.

ವಿಬೆಕೆ ಅಷ್ಟರಲ್ಲಿ ಸೀಮೆಸುಣ್ಣ ಹುಡುಕಿಕೊಂಡಿದ್ದಳು. "ಹೋದ ವಾರ ಒಂದ್ಸಲ ಕೆಡಿಸಿದೆ, ಇವತ್ತು ಒಂದ್ಸಲ. ಎರಡು ಕೇಕು. ಇನ್ನೂ ಮೂರು ಗಂಟೆ ಆಗಿಲ್ಲ, ಗಡಿಯಾರ ನೋಡ್ಕೋ."

"ನಾನು ಸರಿಮಾಡಿದ್ದು ಕಣೇ!" ಪ್ರೇಬೆನ್ ಗೋಗರೆದ.

"ಅದಕ್ಕೇ ಕೆಟ್ಟಿದ್ದು," ಎಂದಳು ವಿಬೆಕೆ. ಅಸ್ಗರ್ ಈ ಸಲ ಬಹಳ ಉತ್ಸಾಹದಿಂದ ಕಂಪ್ಯೂಟರನ್ನು ಹಳೆಯ ಜಾಗಕ್ಕೆ ಹೊತ್ತ.

ಮೂರೂವರೆಗೆಲ್ಲ ಸೈಕಲ್ಲುಗಳು ಮನೆಯ ದಾರಿ ಹಿಡಿದವು. ಪ್ರೇಬೆನ್ ಶೌಚಾಲಯದ ಬಾಗಿಲ ಬಳಿ ಒಬ್ಬನೇ ಕೂತು, ಗುದ್ರೂನ್‌ಳ ಒಂದೊಂದು ಸಾಲನ್ನೂ ಭಕ್ತಿಯಿಂದ ಮತ್ತೆ ಅದರ ಜಾಗದಲ್ಲಿಟ್ಟು, ಎಲ್ಲ ಬೇಕರಿಗಳಿಗೂ ಕಳಿಸಿದ. ಆಮೇಲೆ ಮುಜುಗರ ನುಂಗಿಕೊಂಡು ಡೋರ್ಟೆಗೆ ಫೋನ್ ಮಾಡಿದ.

"ಹದಿನೈದು ನಿಮಿಷ ಆಯ್ತಮ್ಮ. ಇನ್ನೊಂದು ಕೇಳಬೇಕಿತ್ತು... ನನ್ನಂಥವನ ಕೈಲಾಗುವಂಥ ಸೇಬಿನ ಕೇಕಿನ ರೆಸಿಪಿ ಏನಾದರೂ ಹೇಳ್ತೀರಾ? ನಾಲ್ಕು ಜನಕ್ಕೆ."

"ಅದಕ್ಕೇನಂತೆ! ನನ್ನ ರೆಸಿಪಿ ಎಲ್ಲಾ ನಿನ್ನ ಹತ್ತಿರಾನೇ ಇದೆಯಲ್ಲಪ್ಪ," ಎಂದಳು ಡೋರ್ಟೆ. "ನಾಲ್ಕು ಜನ ಅಂತ ಹಾಕು, ಬಟನ್ ಒತ್ತು, ಅದೇ ಅಳತೆ ಹೇಳುತ್ತೆ."

ಪ್ರೇಬೆನ್ ನಾಲ್ಕು ಜನ ಎಂದು ಹಾಕಿದ. ಬಟನ್ ಒತ್ತಿದ. ಪರದೆ ಬೆಳ್ಳಗಾಯಿತು.