ಹತ್ತೇ ನಿಮಿಷದ ದಾರಿ

ಎಲ್ಲ ಅವಾಂತರಕ್ಕೂ ಮೂಲ ಒಂದು ಪಾಲಿಶ್ ಡಬ್ಬಿ.

ಗಡಿಯಾರ ರಿಪೇರಿಯವರಿಗೆ ಕೈಗೆ ಸಿಕ್ಕ ಲೋಹವನ್ನೆಲ್ಲ ತಿಕ್ಕಿ ಹೊಳೆಸುವ ಚಟ. ಅವರ ಮನೆಯ ಬಾಗಿಲ ಚಿಲಕದಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದಿತ್ತು. ಅಂಥವರ ಕೈಗೆ ಗುಜರಿಯಿಂದ ಜೀಪಿನ ಚಕ್ರಕ್ಕೆ ಕೂರಿಸುವ ಎರಡು ಜಿಡ್ಡು ಹಿಡಿದ ಹಬ್ ಬಂದರೆ ಸುಮ್ಮನಿರುತ್ತಾರೆಯೇ? ಬೆಳಗಿನ ಐದೂವರೆಗೇ ಕೂತು ತಿಕ್ಕಿದರು. ಜಿಡ್ಡು ಹೋಯಿತು, ತುಕ್ಕು ಹೋಯಿತು. ಯಾವ ಕಡೆಗೆ ತಿರುಗಿಸಿದರೆ ಲಾಕ್, ಯಾವ ಕಡೆಗೆ ಫ್ರೀ ಎಂದು ಬರೆದಿದ್ದ ಅಕ್ಷರಗಳೂ ಹೋದವು.

ಅವರ ಹಳೇ ಜೀಪಿಗೆ ನಾಲ್ಕೂ ಚಕ್ರಗಳಿಂದ ಎಳೆಯುವ ಶಕ್ತಿ ಇತ್ತು, ಹೆಸರಿಗೆ ಮಾತ್ರ. ಒಳಗೆ ಕೂತು ಲಿವರ್ ಎಳೆದರೆ ಮುಂದಿನ ಚಕ್ರಗಳ ಹಬ್ ತಾವಾಗಿಯೇ ಕಚ್ಚಿಕೊಳ್ಳಬೇಕು. ಕೆಸರು ಕಂಡ ಕೂಡಲೇ ಅವು ಕೈಕೊಡುತ್ತಿದ್ದವು. ಅದಕ್ಕೇ ಈಗ ಅವನ್ನು ಕಿತ್ತು, ಕೈಯಲ್ಲಿ ತಿರುಗಿಸುವ ಹಬ್ ಹಾಕುವ ಏರ್ಪಾಡು. ಜೀಪಿನಿಂದ ಇಳಿದು ಒಂದೊಂದು ಚಕ್ರದ ಹಬ್ ಮೇಲಿರುವ ಬಿಲ್ಲೆ ತಿರುಗಿಸಿಬಿಟ್ಟರೆ ಮುಂದಿನ ಚಕ್ರಗಳು ಎಳೆಯಲೇಬೇಕು, ಬೇರೆ ದಾರಿಯಿಲ್ಲ.

ಇಷ್ಟೆಲ್ಲ ಹೆಂಡತಿಗಾಗಿ. ಆಕೆ ಗುಡ್ಡದ ಮೇಲಿನ ಆಸ್ಪತ್ರೆಯಲ್ಲಿ ನರ್ಸು. ದಿನಾ ಜೀಪು ಗುಡ್ಡದ ತಿರುವಿನ ಕೆಸರಿನಲ್ಲಿ ಹೂತುಕೊಳ್ಳುವುದು, ಆಕೆ ಚೀಲ ಹೆಗಲಿಗೇರಿಸಿ ಉಳಿದ ದಾರಿ ನಡೆದು ಹತ್ತುವುದು, ತಡವಾಗುವುದು. "ಹತ್ತೇ ನಿಮಿಷದ ದಾರಿ ಕಣೇ, ನಡೆದುಬಿಡು," ಎಂದು ಇವರು ಪ್ರತಿಸಲವೂ ಸಮಾಧಾನ ಹೇಳುತ್ತಿದ್ದರು. ಇವತ್ತು ಗುಡ್ಡದ ಆಚೆ ಕಡೆಯಿಂದ ದೊಡ್ಡ ಡಾಕ್ಟರು ತಪಾಸಣೆಗೆ ಬರುವವರಿದ್ದರು. ಹತ್ತು ಗಂಟೆಗೆ ಆಕೆ ಅಲ್ಲಿರದಿದ್ದರೆ ಕೆಳಗಿನ ಔಷಧಿ ಗೋದಾಮಿಗೆ ವರ್ಗ. ಮುನ್ನೂರು ಮಕ್ಕಳನ್ನು ಈ ಲೋಕಕ್ಕೆ ಎತ್ತಿಕೊಂಡ ಕೈಗಳು ಇನ್ನು ಮಾತ್ರೆ ಡಬ್ಬಿ ಎಣಿಸುತ್ತ ಕೂರಬೇಕು.

ಹಬ್ ಕೂರಿಸುವ ಹೊತ್ತಿಗೆ ಎದುರುಮನೆಯ ಬಸ್‌ಮಾವ ಕಾಫಿ ಲೋಟ ಹಿಡಿದೇ ಬಂದರು. ಮೂವತ್ತು ವರ್ಷ ಬಸ್ ಓಡಿಸಿ ರಿಟೈರಾದವರು, ಸಲಹೆ ಕೊಡುವುದರಿಂದ ಮಾತ್ರ ಇನ್ನೂ ರಿಟೈರಾಗಿರಲಿಲ್ಲ.

"ಇದೇನಯ್ಯ, ಅಕ್ಷರಾನೇ ಇಲ್ಲ?"

"ಪಾಲಿಶ್ ಮಾಡ್ದೆ ಮಾವ."

"ಸರಿಹೋಯ್ತು. ಬಲಕ್ಕೆ ತಿರುಗಿಸಿದ್ರೆ ಲಾಕು, ನೆನಪಿಟ್ಕೋ. ಈಗಲೇ ಲಾಕ್ ಮಾಡ್ಬೇಡ ಮತ್ತೆ. ಟಾರ್ ರೋಡಲ್ಲಿ ಸುಮ್ನೆ ಡೀಸೆಲ್ ಕುಡಿಯತ್ತೆ. ಕೆಸರು ಶುರುವಾಗೋ ಕಡೆ ಇಳಿದು ಮಾಡು."

ಪಕ್ಕದ ಮನೆಯ ದರ್ಜಿ ಅಕ್ಕ ಕಿಟಕಿಯಿಂದಲೇ ಸೇರಿಕೊಂಡಳು. "ನರ್ಸಮ್ಮನ್ನ ಇವತ್ತಾದ್ರೂ ನಡೆಸ್ಬೇಡಿ ಅಣ್ಣಾ. ಪಾಪ, ಅವರ ಚಪ್ಪಲಿ ಎಷ್ಟು ಸಲ ಹೊಲಿದುಕೊಟ್ಟಿದೀನಿ ಗೊತ್ತಾ?"

ಗಡಿಯಾರದವರಿಗೆ ಅದು ಗೊತ್ತಿರಲಿಲ್ಲ.

ಒಂಬತ್ತಕ್ಕೆ ಹೊರಟರು. ಕೆಸರು ಶುರುವಾಗುವಲ್ಲಿ ಇಳಿದು ಬಲಗಡೆ ಚಕ್ರದ ಬಿಲ್ಲೆಯನ್ನು ಬಲಕ್ಕೆ ತಿರುಗಿಸಿದರು. ಎಡಗಡೆಗೆ ಬಂದವರು ಅಲ್ಲೇ ನಿಂತು ಯೋಚಿಸಿದರು. ಮೂವತ್ತು ವರ್ಷ ಗಡಿಯಾರಗಳ ಹೊಟ್ಟೆಯೊಳಗೆ ಬದುಕಿದವರು. ಹಿಂದಿನಿಂದ ನೋಡಿದರೆ ಗಡಿಯಾರದ ಮುಳ್ಳು ಉಲ್ಟಾ ತಿರುಗುತ್ತದೆ. ಈ ಚಕ್ರ ಆ ಚಕ್ರದ ಬೆನ್ನ ಕಡೆ ತಾನೇ? ಹಾಗಾದರೆ ಇದನ್ನು ಎಡಕ್ಕೆ ತಿರುಗಿಸಬೇಕು. ತಮ್ಮ ಬುದ್ಧಿಗೆ ತಾವೇ ಮೆಚ್ಚಿ ಎಡಕ್ಕೆ ತಿರುಗಿಸಿದರು.

ಜೀಪು ಸರಿಯಾಗಿ ತಿರುವಿನ ನಡುವೆ ಹೋಗಿ ಹೂತುಕೊಂಡಿತು, ದಿನಾ ಹೂತುಕೊಳ್ಳುವ ಜಾಗದಲ್ಲೇ.

"ಎರಡನ್ನೂ ತಿರುಗಿಸಿದ್ರಾ ರೀ?" ಹೆಂಡತಿ ಕೇಳಿದಳು.

"ತಿರುಗಿಸ್ದೆ. ಬಲಗಡೇದು ಬಲಕ್ಕೆ, ಎಡಗಡೇದು ಎಡಕ್ಕೆ." ಗಡಿಯಾರದ ಬೆನ್ನಿನ ಸಿದ್ಧಾಂತವನ್ನೂ ವಿವರಿಸಿದರು.

ಆಕೆ ತನ್ನ ಎರಡೂ ಕಿವಿ ಮುಟ್ಟಿ ತೋರಿಸಿದಳು. "ನನ್ನ ಓಲೆ ತಿರುಪು ನೋಡಿ. ಎರಡು ಕಿವಿ ಎರಡು ಕಡೆ ಇದ್ರೂ ತಿರುಪು ಬಿಗಿಯಾಗೋದು ಒಂದೇ ಕಡೆಗೆ. ಒಂದು ಚಕ್ರ ಕಟ್ಟಿ ಇನ್ನೊಂದು ಬಿಚ್ಚಿದ್ರೆ ಎಲ್ಲ ಶಕ್ತಿ ಬಿಚ್ಚಿರೋ ಕಡೆ ಹರಿದುಹೋಗತ್ತೆ. ಎತ್ತು ಏರಿಗೆ, ಕೋಣ ನೀರಿಗೆ."

ಗಡಿಯಾರದವರು ಇಳಿದರು. ಹ್ಯಾಂಡ್‌ಬ್ರೇಕು ಎಂದೋ ಸತ್ತಿತ್ತು. "ನೀನು ಇಲ್ಲಿ ಬಂದು ಬ್ರೇಕ್ ಒತ್ಕೊಂಡು ಕೂತಿರು. ಬೇರೆ ಏನೂ ಮುಟ್ಬೇಡ," ಎಂದರು. ಇಪ್ಪತ್ತೆರಡು ವರ್ಷದಲ್ಲಿ ಆಕೆಯನ್ನು ಆ ಸೀಟಿನಲ್ಲಿ ಕೂರಿಸಿದ್ದು ಇದೇ ಮೊದಲು. ಒಂದು ಗಡಿಯಾರಕ್ಕೆ ಒಬ್ಬನೇ ಕೀಲಿ ಕೊಡಬೇಕು ಎಂಬುದು ಅವರ ವಾದ.

ಮೊಣಕಾಲುದ್ದ ಕೆಸರಿನಲ್ಲಿ ಕುಕ್ಕರಿಸಿ ಎಡಗಡೆ ಬಿಲ್ಲೆಯನ್ನು ಬಲಕ್ಕೆ ತಿರುಗಿಸಿದರು. ಹಲ್ಲಿಗೆ ಹಲ್ಲು ಕೂರಲಿಲ್ಲ.

"ಒಂದು ಗೇಣು ಮುಂದೆ ಬಿಡು ನೋಡೋಣ!"

"ಒಂದನೇ ಗೇರಲ್ಲೇ ಬಿಡ್ಲಾ, ಕೆಸರಿಗೆ ಹಾಕೋ ಲೋ ಗೇರ್ ಹಾಕ್ಲಾ?"

ಇವಳಿಗೆ ಹೇಗೆ ಗೊತ್ತು ಎಂದು ಬೆರಗಾಗುವಷ್ಟರಲ್ಲಿ 'ಟಕ್' ಎಂದಿತು. ಹಬ್ ಕಚ್ಚಿಕೊಂಡಿತು. ಜೀಪು ನಿದ್ದೆಯಿಂದೆದ್ದ ಎಮ್ಮೆಯಂತೆ ಮೈಕೊಡವಿ, ಯಜಮಾನರ ಮುಖಕ್ಕೆ ಕೆಸರೆರಚಿ, ಗುಡ್ಡ ಹತ್ತತೊಡಗಿತು.

"ನಿಲ್ಸೇ! ನಾನಿಲ್ಲಿದೀನಿ!" ಎಂದು ಓಡಿದರು. ನಾಲ್ಕು ಹೆಜ್ಜೆಗೆ ಬುದ್ಧಿ ಬಂತು. ನಿಲ್ಲಿಸಿದರೆ ಮತ್ತೆ ಹೂತುಹೋಗುತ್ತದೆ. ಗಂಟೆ ಆಗಲೇ ಒಂಬತ್ತೂವರೆ ದಾಟಿದೆ. ಎರಡೂ ಕೈ ಬಾಯಿಗಿಟ್ಟುಕೊಂಡು ಕೂಗಿದರು. "ನಿಲ್ಲಿಸ್ಬೇಡ! ಹೋಗು, ಹೋಗ್ತಾ ಇರು!"

ಕೆಸರು ಮುಗಿದು ನೆಲ ಸಮವಾಗುವ ಕಡೆ ಆಕೆ ಜೀಪು ನಿಲ್ಲಿಸಿ ಕಾಯುತ್ತಿದ್ದಳು. ಗಡಿಯಾರದವರ ಜೀವ ತಂಪಾಯಿತು. ಹತ್ತಿರ ಬಂದು ನೋಡಿದರೆ ಒಳಗೆ ನಾಲ್ಕು ಜನ ಅಜ್ಜಿಯರು, ಎಲ್ಲರೂ ಮಂಡಿನೋವಿಗೆ ಆಸ್ಪತ್ರೆಗೆ ನಡೆದು ಹೋಗುವವರು. ಒಬ್ಬಾಕೆ ಮುಂದಿನ ಸೀಟಿನಲ್ಲಿ ಅರಸಿಯಂತೆ ಕೂತಿದ್ದಳು.

"ನಿಮಗೋಸ್ಕರಾನೇ ನಿಲ್ಲಿಸ್ದೆ ರೀ," ಹೆಂಡತಿಯ ದನಿ ಸಣ್ಣಗಾಗಿತ್ತು. "ತಿರುಗಿ ನೋಡೋದ್ರೊಳಗೆ ಇವರೆಲ್ಲ ಹತ್ತಿಬಿಟ್ಟಿದ್ರು. ಹೇಗೆ ಇಳಿಸ್ಲಿ?"

ಗಡಿಯಾರದವರು ಬಾಯಿ ತೆರೆಯುವ ಮೊದಲೇ ಅರಸಿ ಅಪ್ಪಣೆ ಕೊಡಿಸಿದಳು. "ನೀನು ಗಟ್ಟಿಮುಟ್ಟಾಗಿದೀಯ. ನಡ್ಕೊಂಡು ಬಾರಪ್ಪ. ಹತ್ತೇ ನಿಮಿಷದ ದಾರಿ."

ನರ್ಸಮ್ಮ ತುಟಿ ಕಚ್ಚಿ ನಗು ನುಂಗಿದಳು. ಜೀಪು ಹೋಯಿತು.

ಗಡಿಯಾರದವರು ಅಭ್ಯಾಸಬಲದಿಂದ ಕೈಗಡಿಯಾರ ನೋಡಿಕೊಂಡು ನಡೆದರು. ಹತ್ತು ನಿಮಿಷಕ್ಕೆ ಏದುಸಿರು ಬಂತು. ಇಪ್ಪತ್ತಕ್ಕೆ ಒಂದು ಚಪ್ಪಲಿ ಕಿತ್ತಿತು. ದಾರಿಬದಿ ಒಂದು ಚಪ್ಪಟೆ ಕಲ್ಲಿತ್ತು, ಕೂತರು. ಕಲ್ಲಿನ ಸಂದಿನಲ್ಲಿ ಪೆಪ್ಪರ್‌ಮಿಂಟಿನ ಹಸಿರು ಕಾಗದಗಳು, ಅಚ್ಚುಕಟ್ಟಾಗಿ ನಾಲ್ಕು ಮಡಿಕೆ ಮಾಡಿದಂಥವು. ಹಾಗೆ ಮಡಿಸುವವರು ಅವರಿಗೆ ಗೊತ್ತಿದ್ದಂತೆ ಒಬ್ಬರೇ. ಎಷ್ಟೋ ದಿನಗಳ ಕಾಗದಗಳು. ಪ್ರತಿದಿನ ಇಲ್ಲಿ ಒಬ್ಬಳೇ ಕೂತು ದಮ್ಮು ಆರಿಸಿಕೊಂಡಿದ್ದಾಳೆ, ಸಂಜೆ ಮನೆಗೆ ಬಂದು ಒಂದು ಮಾತೂ ಆಡಿಲ್ಲ. ಅವರಿಗೆ ಅಳು ಬಂತು. ನೋಡುವವರು ಯಾರೂ ಇರಲಿಲ್ಲವಾದ್ದರಿಂದ ಅತ್ತರು.

ಆಸ್ಪತ್ರೆ ಮುಟ್ಟಿದಾಗ ಅವರ ಗಡಿಯಾರದ ಲೆಕ್ಕದಲ್ಲಿ ನಲವತ್ತು ನಿಮಿಷ. ದೊಡ್ಡ ಡಾಕ್ಟರು ಇವರ ಕೆಸರುಗಾಲನ್ನು ನೋಡಿ, "ಮಂಡಿನೋವಾ? ಸಾಲಲ್ಲಿ ಕೂತ್ಕೊಳ್ಳಿ," ಎಂದರು.

"ನಮ್ಮ ಯಜಮಾನರು ಸರ್," ಎಂದಳು ನರ್ಸಮ್ಮ.

"ಓಹೋ! ನಿಮ್ಮ ಮನೆಯವರು ಹತ್ತಕ್ಕೆ ಐದು ನಿಮಿಷ ಇರೋವಾಗ್ಲೇ ಬಂದ್ರು, ಜೊತೆಗೆ ನಾಲ್ಕು ಪೇಷಂಟು! ವರ್ಗದ ಮಾತು ಬಿಟ್ಟುಬಿಡಿ. ಜೀಪಲ್ಲಿ ಡ್ರೈವರ್ ಸೇರಿ ಐದು ಸೀಟಲ್ವಾ? ಆ ನಾಲ್ಕೂ ಜನರನ್ನ ಇನ್ಮೇಲೆ ದಿನಾ ಹೀಗೇ ಕರ್ಕೊಂಡು ಬನ್ನಿ ಸಿಸ್ಟರ್."

ಆಕೆ ಗಂಡನನ್ನು ಒಳಗೆ ಕೂರಿಸಿ, ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಡಿಸಿ, ಬಾಯಿಗೊಂದು ಪೆಪ್ಪರ್‌ಮಿಂಟು ಹಾಕಿದಳು.

"ಡ್ರೈವಿಂಗ್ ಎಲ್ಲಿ ಕಲಿತೆ?"

"ಮೂರು ವರ್ಷ ಆಯ್ತು. ಆಂಬುಲೆನ್ಸ್ ಡ್ರೈವರ್ ಹೇಳ್ಕೊಟ್ಟ."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಜೀಪನ್ನ ನಂಗೇ ಬಿಟ್ಟುಕೊಟ್ಟು ಮನೇಲೇ ಉಳಿಯೋರು. ನಂಗೆ ನಿಮ್ಮ ಪಕ್ಕ ಕೂತ್ಕೊಂಡು ಬರೋದು ಇಷ್ಟ ಆಗಿತ್ತು."

ಗಡಿಯಾರದವರು ಕ್ಷಮೆ ಕೇಳಲು ತಲೆ ಎತ್ತಿದರು. ಆಕೆ ಅವರ ಕಾಲೊರೆಸುತ್ತ ಅಷ್ಟರಲ್ಲೇ ಹೇಳಿದಳು:

"ನಾಳೆಯಿಂದ ಅರ್ಧ ಗಂಟೆ ಮುಂಚೆ ಹೊರಡೋಣ ರೀ. ಅಜ್ಜಿಯರು ಹತ್ತೋ ಕಡೆಯಿಂದ ಹತ್ತೇ ನಿಮಿಷದ ದಾರಿ ನಡೆಯೋಕೆ ನಿಮಗೆ ನಲವತ್ತು ನಿಮಿಷ ಬೇಕಲ್ಲ."