ಬಿಸಿ ಟವೆಲ್ಲಿನ ಕೆಳಗಿನ ಆಟಗಾರ

ಟವೆಲ್ ತೆಗೆಯಬೇಕೋ, ಬಿಡಬೇಕೋ? ತೆಗೆದರೆ ಒಳಗಿರುವ ಮುಖ ಎಲ್ಲರಿಗೂ ಕಾಣುತ್ತದೆ. ಬಿಟ್ಟರೆ ಹೊರಗಿನ ಮಾತೆಲ್ಲ ಆ ಮುಖಕ್ಕೆ ಕೇಳುತ್ತದೆ. ಒಮ್ಮೆ ಗಟ್ಟಿಯಾಗಿ ಕೆಮ್ಮಿದರೆ ಸಾಕಾದೀತೇ?

ಕ್ಷೌರದ ಅಂಗಡಿಯ ಕತ್ತರಿಯಣ್ಣ ಕೆಮ್ಮಿದ.

"ಶೀತ ಆಗಿದ್ಯೇನೋ? ಬಿಸಿನೀರು ಕುಡಿ," ಎಂದ ಬೇಕರಿಯವನು ಬೆಂಚಿನ ಮೇಲೆ ಇನ್ನಷ್ಟು ಹರಡಿ ಕೂತು, ಮಾತನ್ನು ಬಿಟ್ಟಲ್ಲಿಂದಲೇ ಹಿಡಿದುಕೊಂಡ. "ಹೇಳ್ತಿದ್ದೆ ನೋಡಿ ಮೇಷ್ಟ್ರೇ, ಪೆನಾಲ್ಟಿ ಒದೆಯೋಕೆ ಹೋಗಿ ಮೂಲೆಯ ಬಾವುಟಕ್ಕೆ ಹೊಡೆದನಲ್ಲ ಆ ಹುಡುಗ! ನಮ್ಮ ಹಿಟ್ಟು ಕಲಸೋ ಮಷೀನಿಗೆ ಬೂಟು ಹಾಕಿ ನಿಲ್ಲಿಸಿದ್ರೂ ಅದಕ್ಕಿಂತ ನೆಟ್ಟಗೆ ಒದೀತಿತ್ತು."

ಆ ಹುಡುಗ ಬೇರೆ ಯಾರೂ ಅಲ್ಲ. ಈಗ ಕ್ಷೌರದ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ಕತ್ತಿನವರೆಗೆ ಬಿಳಿ ಬಟ್ಟೆ, ಮುಖದ ತುಂಬ ಬಿಸಿ ಟವೆಲ್ ಹೊದ್ದು ಮಲಗಿದ್ದವನೇ.

ಅವನು ಬೆಳಿಗ್ಗೆ ಅಂಗಡಿಯ ಶಟರ್ ಅರ್ಧ ಏರಿದಾಗಲೇ ಅದರಡಿ ಬಗ್ಗಿ ಒಳಗೆ ಬಂದಿದ್ದ. "ಅಂಕಲ್, ಯಾರೂ ಇಲ್ಲ ತಾನೆ?" ಪೆನಾಲ್ಟಿ ತಪ್ಪಿದ ಮೇಲೆ ಎಂಟು ದಿನ ಹಿತ್ತಿಲ ಓಣಿಗಳಲ್ಲೇ ಓಡಾಡಿಕೊಂಡಿದ್ದನಂತೆ. ಇವತ್ತು ಸಂಜೆ ನಾಲ್ಕಕ್ಕೆ ಫುಟ್‌ಬಾಲ್ ಕ್ಲಬ್ಬಿನ ಬಾಗಿಲಿಗೆ ಹೊಸ ಕೋಚ್ ತಂಡದ ಪಟ್ಟಿ ಅಂಟಿಸುವುದಿತ್ತು. ಎಡ ಅಂಚಿನಲ್ಲಿ ಆಡಲು ಒಂದೇ ಒಂದು ಜಾಗ ಖಾಲಿ. ಆ ಜಾಗಕ್ಕೆ ಇಬ್ಬರು. ಒಬ್ಬ ಈ ಹುಡುಗ. ಇನ್ನೊಬ್ಬ ಕತ್ತರಿಯಣ್ಣನ ಮಗ. ಇಬ್ಬರಿಗೂ ಹತ್ತೊಂಬತ್ತು, ಇಬ್ಬರೂ ಶಾಲೆಯಲ್ಲಿ ಒಂದೇ ಬೆಂಚು, ಹಳೆಯ ಕೋಚ್ ಇದ್ದಾಗ ಅರ್ಧ ಆಟ ಇವನು, ಅರ್ಧ ಆಟ ಅವನು.

"ನಾನು ಬಂದಿದ್ದೆ ಅಂತ ಯಾರಿಗೂ ಹೇಳ್ಬೇಡಿ ಅಂಕಲ್," ಎಂದಿದ್ದ ಹುಡುಗ. ಕೂದಲು ಕತ್ತರಿಸಿ, ಗಡ್ಡಕ್ಕೆ ಮುಂಚೆ ಟವೆಲ್ ಸುತ್ತಿದಾಗ ಒಳಗಿನಿಂದ ಸಣ್ಣ ದನಿಯಲ್ಲಿ, "ಸ್ವಲ್ಪ ಹೊತ್ತು ಹಾಗೇ ಬಿಡಿ. ಮುಖ ಮುಚ್ಕೊಂಡಿರೋದೇ ಹಿತ ಅನ್ಸುತ್ತೆ," ಎಂದೂ ಹೇಳಿದ್ದ.

ಕತ್ತರಿಯಣ್ಣ ಟವೆಲ್ಲನ್ನು ಹಾಗೇ ಬಿಟ್ಟ. ಅವನು ನೀರು ಕಾಯಿಸಲು ಪರದೆಯ ಹಿಂದೆ ಹೋದ. ಹಿಂತಿರುಗುವಷ್ಟರಲ್ಲಿ ಬೆಂಚು ತುಂಬಿತ್ತು. ಒಂದು ತುದಿಗೆ ಬೇಕರಿಯವನು, ಮಧ್ಯೆ ನಿವೃತ್ತ ಗಣಿತದ ಮೇಷ್ಟ್ರು, ಇನ್ನೊಂದು ತುದಿಗೆ ಗುರುತಿಲ್ಲದ ಯಾರೋ ಒಬ್ಬರು. ಅವರು ಪತ್ರಿಕೆಯನ್ನು ಪೂರ್ತಿ ಬಿಡಿಸಿ ಹಿಡಿದಿದ್ದರಿಂದ ಹತ್ತು ಬೆರಳು, ಎರಡು ಬೂಟು ಮಾತ್ರ ಕಾಣುತ್ತಿದ್ದವು.

ಕತ್ತರಿಯಣ್ಣ ಇಪ್ಪತ್ತಾರು ವರ್ಷದಿಂದ ಈ ಬೆಂಚಿನ ಮಾತಿಗೆ ಎದುರಾಡಿದವನಲ್ಲ. ಆಡುವುದೇನಿದ್ದರೂ ಅವನ ಕತ್ತರಿ, ನಾಲಿಗೆಯಲ್ಲ. ಯಾರು ಏನೆಂದರೂ "ಹೂಂ" ಎನ್ನುವುದು ಅವನ ವೃತ್ತಿಯ ರೀತಿ. ತಂಡದಲ್ಲಿ ಹನ್ನೊಂದು ಜನರಿದ್ದಂತೆ ಅವನ ಬಳಿ ಹನ್ನೊಂದು ಬಗೆಯ ಹೂಂಗಳಿದ್ದವು. ಬೇಸರಕ್ಕೊಂದು, ಅಚ್ಚರಿಗೊಂದು, ರೆಫರಿಯನ್ನು ಬೈಯುವಾಗ ಬೇಕಾಗುವ ಉದ್ದನೆಯದೊಂದು. ತನ್ನ ಮಗನ ಆಟವನ್ನು ಯಾರಾದರೂ ಹೀಗಳೆದರೂ ಅದಕ್ಕೊಂದು ಹೂಂ ಇತ್ತು. ಅದು ಎಲ್ಲಕ್ಕಿಂತ ಚಿಕ್ಕದು.

ಆದರೆ ಇವತ್ತು ಒಂದೂ ಹೊರಡಲೊಲ್ಲದು.

"ಅಂಕಿ ಅಂಶ ನೋಡೋಣ," ಎಂದು ಮೇಷ್ಟ್ರು ಕಿಸೆಯಿಂದ ಪುಟ್ಟ ಪುಸ್ತಕ ತೆಗೆದರು. "ಹದಿನಾಲ್ಕು ಮ್ಯಾಚು. ಎರಡು ಗೋಲು. ಅದರಲ್ಲಿ ಒಂದು ನಮ್ಮದೇ ಗೋಲಿಗೆ."

"ಅಂದ್ರೆ ಒಟ್ಟು ಸೊನ್ನೆ!"

"ಕೂಡಿ ಕಳೆದರೆ ಹೌದು."

ಕುರ್ಚಿಯ ಕಾಲುಮಣೆಯ ಮೇಲೆ ಹುಡುಗನ ಬಲಗಾಲು ಅಲುಗತೊಡಗಿದ್ದನ್ನು ಕತ್ತರಿಯಣ್ಣ ನೋಡಿದ. ಮೊದಲು ಹೆಬ್ಬೆರಳು, ಆಮೇಲೆ ಇಡೀ ಪಾದ. ಪಾಪ, ನಡುಗುತ್ತಿದ್ದಾನೆ.

ಕತ್ತರಿಯಣ್ಣ ಮೇಷ್ಟ್ರಿಗೆ ಕಣ್ಣು ಹೊಡೆದ.

"ಕಣ್ಣಿಗೆ ಕೂದಲು ಬಿತ್ತೇನೋ?" ಮೇಷ್ಟ್ರು ಎದ್ದು ಬಂದು ಅವನ ರೆಪ್ಪೆ ಎತ್ತಿ ಹಿಡಿದು ಉಫ್ ಎಂದು ಊದಿದರು. ಕಣ್ಣಲ್ಲಿ ನೀರು ತುಂಬಿಕೊಂಡ ಕತ್ತರಿಯಣ್ಣ ಕತ್ತರಿಯಿಂದ ಕುರ್ಚಿಯ ಕಡೆ ತೋರಿಸಿದ. ಬೇಕರಿಯವನು ದೊಡ್ಡ ಮನಸ್ಸಿನಿಂದ ಕೈಯಾಡಿಸಿದ. "ಅವರದ್ದು ಆಗ್ಲಿ ಬಿಡಣ್ಣ, ನಮಗೇನೂ ಅವಸರ ಇಲ್ಲ. ಬೇಕರೀಲಿ ಹೆಂಡ್ತಿ ಇದ್ದಾಳೆ."

ಇನ್ನು ಉಳಿದಿದ್ದು ಕೂದಲು ಒಣಗಿಸುವ ಯಂತ್ರ. ಅದನ್ನು ಚಾಲೂ ಮಾಡಿದರೆ ಮಾತು ಮುಳುಗಿಹೋಗುತ್ತದೆ ಎಂದುಕೊಂಡ. ಯಂತ್ರ ಭೋರೆಂದಿತು. ಮುಳುಗುವ ಬದಲು ಮಾತು ಎದ್ದು ನಿಂತಿತು. ಬೇಕರಿಯವನು ಗಂಟಲು ಏರಿಸಿ, ಬೀದಿಯ ಆಚೆ ಬದಿಯವರಿಗೂ ಕೇಳುವಂತೆ, "ಅವನನ್ನ ತಗೊಂಡ್ರೆ ನಾನು ಮೈದಾನಕ್ಕೇ ಕಾಲಿಡಲ್ಲ!" ಎಂದು ಕೂಗಿದ. ಕತ್ತರಿಯಣ್ಣ ಗಾಬರಿಯಿಂದ ಯಂತ್ರ ಆರಿಸಿದ.

"ಬೈಬೇಕು ಮೇಷ್ಟ್ರೇ," ಬೇಕರಿಯವನು ಈಗ ತತ್ವಕ್ಕಿಳಿದ. "ಬೈಸಿಕೊಳ್ಳದೆ ಯಾರಾದ್ರೂ ಆಟಗಾರ ಆಗಿದ್ದಾರಾ? ಒಲೆಗೆ ಹಾಕದೆ ಬ್ರೆಡ್ ಆಗುತ್ತಾ?"

"ಒಲೆಗೆ ಹಾಕೋದು ಬೇರೆ, ಮರೆತು ಬಿಡೋದು ಬೇರೆ. ನಿನ್ನ ಬ್ರೆಡ್ ತಿಂದಿರೋದ್ರಿಂದ ಹೇಳ್ತಿದ್ದೀನಿ."

"ನೋಡಿ, ಇವರನ್ನೇ ಕೇಳೋಣ," ಎಂದು ಬೇಕರಿಯವನು ಕುರ್ಚಿಯ ಕೈ ತಟ್ಟಲು ಬಂದೇಬಿಟ್ಟ. "ಏನ್ ಸಾರ್, ನೀವೇ ಹೇಳಿ, ಅಂಥವನನ್ನ ತಂಡಕ್ಕೆ ತಗೋಬೇಕಾ?"

ಕತ್ತರಿಯಣ್ಣ ಗೋಲ್‌ಕೀಪರ್‌ನಂತೆ ಅಡ್ಡ ಹಾರಿದ. "ಅವರು ಮಾತಾಡೋ ಹಾಗಿಲ್ಲ! ಸೂಕ್ಷ್ಮ ಚರ್ಮ. ಇಪ್ಪತ್ತು ನಿಮಿಷ ತುಟಿ ಅಲ್ಲಾಡಿಸಬಾರದು!"

ಅಷ್ಟರಲ್ಲಿ ಟವೆಲ್ಲಿನ ಅಂಚಿನಿಂದ ಒಂದು ಹನಿ ಹೊರಬಂದು, ಹುಡುಗನ ಕತ್ತಿನ ಮೇಲೆ ನಿಧಾನವಾಗಿ ಇಳಿಯಿತು. ಅದು ಟವೆಲ್ಲಿನ ನೀರಿರಬಹುದು ಎಂದು ಕತ್ತರಿಯಣ್ಣನ ಬುದ್ಧಿ ಹೇಳಿತು. ಉಳಿದ ಮೈಯೆಲ್ಲ ಅದನ್ನು ನಂಬಲಿಲ್ಲ.

"ಸಾಕು ಮಾಡಿ," ಎಂದ.

ಬೇಕರಿಯವನು ಕೈ ಹಿಂದಕ್ಕೆಳೆದುಕೊಂಡ. ಪತ್ರಿಕೆ ಕೂಡ ಒಂದಿಂಚು ಕೆಳಗಿಳಿಯಿತು.

"ಒಂದು ಪೆನಾಲ್ಟಿ ತಪ್ಪಿದ್ರೆ ಏನೀಗ? ನಾನು ಎಷ್ಟು ಜನರ ಕೆನ್ನೆ ಕೊಯ್ದಿಲ್ಲ? ಆ ಹುಡುಗ ಒಳ್ಳೇ ಆಟಗಾರ."

"ಬರೀ ಒಳ್ಳೇ ಅಂದ್ರೆ ಹೇಗೆ?" ಮೇಷ್ಟ್ರ ಒಳಗಿನ ಮೇಷ್ಟ್ರು ಎದ್ದರು. "ಉದಾಹರಣೆ ಕೊಡು. ನೀನು ಮೈದಾನಕ್ಕೆ ಬಂದಿದ್ದೇ ಕಾಣೆ."

"ಬರ್ತೀನಿ. ಭಾನುವಾರ ಅಂಗಡಿಗೆ 'ಈಗ ಬಂದೆ' ಅಂತ ಬೋರ್ಡ್ ಹಾಕಿ ಬರ್ತೀನಿ. ನೀರಿನ ಟ್ಯಾಂಕ್ ಪಕ್ಕ ಒಂದು ಸಂದಿ ಇದೆ, ಅಲ್ಲಿಂದ ನೋಡ್ತೀನಿ." ಕತ್ತರಿಯಣ್ಣ ಒಂದು ಕ್ಷಣ ಕಣ್ಣು ಮುಚ್ಚಿದ. ತೆರೆದಾಗ ಅವನ ದನಿ ಬೇರೆಯಾಗಿತ್ತು. "ಚೆಂಡು ಬರೋಕೆ ಮುಂಚೆ ಎರಡು ಸಲ ಹೆಗಲ ಮೇಲಿಂದ ಹಿಂದೆ ನೋಡ್ತಾನೆ. ಒಂದು ಸಲ ಅಲ್ಲ, ಎರಡು ಸಲ. ಯಾರನ್ನಾದ್ರೂ ಬೀಳಿಸಿದ್ರೆ ಸೀಟಿ ಊದೋಕೆ ಮುಂಚೆ ಕೈ ಕೊಟ್ಟು ಎಬ್ಬಿಸ್ತಾನೆ. ನಾವು ಗೋಲು ತಿಂದಾಗ ಎಲ್ಲರೂ ಸೊಂಟದ ಮೇಲೆ ಕೈ ಇಟ್ಕೊಂಡು ನಿಂತಿರ್ತಾರೆ, ಅವನು ಮಾತ್ರ ಓಡಿಹೋಗಿ ಬಲೆಯೊಳಗಿಂದ ಚೆಂಡು ಎತ್ಕೊಂಡು ಬಂದು ಮಧ್ಯದಲ್ಲಿ ಇಡ್ತಾನೆ. ಕಾರ್ನರ್ ಒದೆಯೋ ಮುಂಚೆ ಎಡಗಾಲಿನ ಬೂಟನ್ನ ಬಲಗಾಲಿನ ಸಾಕ್ಸಿಗೆ ಒಂದು ಸಲ ಒರೆಸ್ಕೋತಾನೆ. ಒರೆಸ್ಕೊಂಡ ಅಂದ್ರೆ ಆ ಚೆಂಡು ಸರಿಯಾದ ತಲೆಗೇ ಹೋಗುತ್ತೆ. ನಿಮ್ಮ ಪುಸ್ತಕದಲ್ಲಿ ಇದಕ್ಕೆ ಕಾಲಂ ಇದೆಯಾ ಮೇಷ್ಟ್ರೇ?"

ಮೇಷ್ಟ್ರು ಪುಸ್ತಕ ತಿರುವಿದರು. ಇರಲಿಲ್ಲ.

"ಅಲ್ಲಯ್ಯಾ," ಬೇಕರಿಯವನು ಕಣ್ಣರಳಿಸಿದ, "ಆ ಜಾಗಕ್ಕೆ ನಿನ್ನ ಮಗನೇ ನಿಂತಿದ್ದಾನೆ. ಅವನ ಎದುರಾಳಿಯನ್ನ ಹೀಗೆ ಹೊಗಳ್ತೀಯಲ್ಲ, ತಲೆ ನೆಟ್ಟಗಿದೆಯಾ?"

ಕತ್ತರಿಯಣ್ಣ ಕನ್ನಡಿಯಲ್ಲಿ ಬಿಳಿ ಟವೆಲ್ಲನ್ನೇ ನೋಡಿದ. ಹನಿ ಎದೆಯ ಬಟ್ಟೆ ಸೇರಿತ್ತು. "ನನ್ನ ಮಗ ಇನ್ನೂ ಬಲೀಬೇಕು," ಎಂದ. ಚಿಕ್ಕ ಹೂಂನಷ್ಟೇ ಚಿಕ್ಕ ದನಿಯಲ್ಲಿ.

ಟವೆಲ್ ತಣ್ಣಗಾಗಿತ್ತು. ಬಟ್ಟೆಯಡಿಯಿಂದ ಒಂದು ಕೈ ಹೊರಬಂದು ಅದನ್ನು ಎಳೆದು ತೆಗೆಯಿತು. ಕನ್ನಡಿಯಲ್ಲಿ ಹುಡುಗನ ಮುಖ ಕಂಡದ್ದೇ ತಡ, ಬೇಕರಿಯವನ ಬಾಯಿ ಅವನ ಒಲೆಯ ಬಾಗಿಲಿನ ಹಾಗೆ ತೆರೆದು ನಿಂತಿತು. ಕತ್ತರಿಯಣ್ಣ, ಅಳುವ ಹುಡುಗನಿಗೆ ಹೇಗೆ ಸಮಾಧಾನ ಹೇಳುವುದೆಂದು ತಿಳಿಯದೆ ಪೌಡರಿನ ಡಬ್ಬಿ ಹಿಡಿದು ನಿಂತ.

ಹುಡುಗ ಕಿವಿಗೆ ಕೈ ಹಾಕಿ ಕಡಲೆಬೀಜದ ಗಾತ್ರದ ಎರಡು ಇಯರ್‌ಫೋನ್ ತೆಗೆದ. ಕತ್ತರಿಯಣ್ಣ ಪರದೆಯ ಹಿಂದೆ ಹೋಗಿದ್ದಾಗ ಹಾಕಿಕೊಂಡಿದ್ದಿರಬೇಕು. ಕಾಲುಮಣೆಯ ಮೇಲೆ ಪಾದದ ತಾಳವೂ ನಿಂತಿತು. "ಏನಾದ್ರೂ ಅಂದ್ರಾ ಅಂಕಲ್? ಹಾಡು ಹಾಕ್ಕೊಂಡಿದ್ದೆ, ಏನೂ ಕೇಳಿಸ್ಲಿಲ್ಲ."

ಅಷ್ಟರಲ್ಲಿ ಹುಡುಗನ ಕಣ್ಣು ಕನ್ನಡಿಯ ಮೂಲೆಗೆ ಹೋಯಿತು. ಅಲ್ಲಿ ಪತ್ರಿಕೆ ಮಡಿಸುತ್ತಿದ್ದವರನ್ನು ಕಂಡು ಅವನು ಕತ್ತಿನ ಬಟ್ಟೆಯ ಸಮೇತ ಚಂಗನೆ ಎದ್ದು ನಿಂತ. "ಗುಡ್ ಮಾರ್ನಿಂಗ್ ಕೋಚ್ ಸಾರ್!"

ಬೇಕರಿಯವನಿಗೆ ಒಲೆಯಲ್ಲಿ ಬ್ರೆಡ್ ಇಟ್ಟು ಬಂದದ್ದು ನೆನಪಾಯಿತು. ಮೇಷ್ಟ್ರಿಗೆ ಅದನ್ನು ತೆಗೆಯಲು ಅವನಿಗೆ ನೆರವಾಗಬೇಕೆನಿಸಿತು. ಹುಡುಗ ಗಡ್ಡವೂ ಬೇಡವೆಂದು, ಕೋಚ್‌ಗೆ ಇನ್ನೊಮ್ಮೆ ನಮಸ್ಕರಿಸಿ ಹೊರಟುಹೋದ. ಅಂಗಡಿಯಲ್ಲಿ ಇಬ್ಬರೇ ಉಳಿದರು.

ಕೋಚ್ ಕುರ್ಚಿಯಲ್ಲಿ ಕೂತು ಗದ್ದ ಎತ್ತಿದರು. ಕತ್ತರಿಯಣ್ಣ ನೊರೆ ಹಚ್ಚಿ ರೇಜರ್ ತೆಗೆದ.

"ನಾನು ಈ ಊರಿಗೆ ಬಂದು ನಾಲ್ಕೇ ದಿನ," ಕೋಚ್ ಕಣ್ಣು ಮುಚ್ಚಿಕೊಂಡೇ ಹೇಳಿದರು. "ಟ್ರಯಲ್‌ನಲ್ಲಿ ಇಬ್ಬರೂ ಸರಿಸಮ. ಯಾರನ್ನ ತಗೊಳ್ಳಲಿ ಅಂತ ರಾತ್ರಿಯಿಡೀ ತಲೆ ಕೆಟ್ಟಿತ್ತು. ಆಟದ ವಿಷಯ ತಿಳೀಬೇಕಾದ್ರೆ ಕ್ಷೌರದ ಅಂಗಡೀಲಿ ಕೂತ್ಕೋಬೇಕು ಅಂತ ನನ್ನ ಅನುಭವ. ಬಂದಿದ್ದು ಒಳ್ಳೇದಾಯ್ತು."

"ಹೂಂ," ಎಂದ ಕತ್ತರಿಯಣ್ಣ. ಯಾವ ಹೂಂ ಎಂದು ಅವನಿಗೇ ತಿಳಿಯಲಿಲ್ಲ.

"ಎದುರಾಳಿಯ ಅಪ್ಪನೇ ಹೊಗಳಿದ ಮೇಲೆ ಇನ್ನೇನು ಬೇಕು? ಅವನಿಗೆ ಕೇಳಿಸಲಿ ಅಂತ ಹೇಳಿದ್ದೂ ಅಲ್ಲ, ಅವನ ಕಿವಿಯಲ್ಲಿ ಹಾಡಿತ್ತು. ಟವೆಲ್ ಸುತ್ತಿದವರು ನೀವು, ನಿಮಗೆ ಗೊತ್ತಿಲ್ಲದೆ ಇರುತ್ತಾ? ನನ್ನ ಮನಸ್ಸು ತೀರ್ಮಾನ ಮಾಡಿತು."

ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಆ ರೇಜರ್ ಗಾಳಿಯಲ್ಲಿ ನಿಂತಿತು. ಕತ್ತರಿಯಣ್ಣನ ಬಾಯಿಗೆ ಒಂದು ಮಾತು ಬಂತು. ಈಗ ಅದನ್ನು ಆಡಿದರೆ ಏನಾಗುತ್ತದೆ? ಕುರ್ಚಿಯಲ್ಲಿ ಕೂತವರು ಯಾರೆಂದು ತಿಳಿದ ಕೂಡಲೇ ಮಾತು ತಿರುಗಿಸಿದ ಅಪ್ಪ ಎನಿಸಿಕೊಳ್ಳುತ್ತಾನೆ. ಅದೂ ಮಗನ ಜಾಗಕ್ಕಾಗಿ, ಗಂಟಲ ಮೇಲೆ ರೇಜರ್ ಇಟ್ಟುಕೊಂಡು. ಮಾತು ನುಂಗಿದ. ಕೋಚ್‌ನ ಕೆನ್ನೆ ಹೊಸ ತಟ್ಟೆಯಂತೆ ಹೊಳೆಯುವಷ್ಟು ನುಣ್ಣಗೆ ಗಡ್ಡ ತೆಗೆದ.

ನಾಲ್ಕೂಕಾಲಿಗೆ ಬೇಕರಿಯವನು ಬಾಗಿಲಲ್ಲಿ ತಲೆ ತೂರಿಸಿದ. "ನೋಡಿದ್ಯಾ, ಸೆಲೆಕ್ಟ್ ಆದ! ನಾನು ಬೈದಿದ್ದಕ್ಕೇ!" ಎಂದು ಕೂಗಿ, ಎರಡು ಬನ್ ಇಟ್ಟು, ಕತ್ತರಿಯಣ್ಣನ ಮುಖ ನೋಡಿ ಸದ್ದಿಲ್ಲದೆ ಹೋದ.

ಐದಕ್ಕೆ ಮಗ ಬಂದ. ಚೀಲವನ್ನು ಬೆಂಚಿನ ಮೇಲಿಟ್ಟು ನೇರ ಕುರ್ಚಿಯಲ್ಲಿ ಕೂತ.

"ಸಿಗಲಿಲ್ಲಪ್ಪ."

ಕತ್ತರಿಯಣ್ಣ ಮಗನ ಕತ್ತಿಗೆ ಬಿಳಿ ಬಟ್ಟೆ ಕಟ್ಟಿದ.

"ಪರವಾಗಿಲ್ಲ. ಅವನಿಗೆ ಸಿಗಬೇಕಿತ್ತು. ಎಂಟು ದಿನದಿಂದ ಸರಿಯಾಗಿ ಊಟಾನೂ ಮಾಡಿರಲಿಲ್ಲ. ಇವತ್ತು ನನ್ನನ್ನ ಎತ್ಕೊಂಡು ಮೈದಾನ ಪೂರ್ತಿ ಸುತ್ತಿದ." ಮಗ ನಕ್ಕ. ಆಮೇಲೆ ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಂಡ. "ಕೋಚ್ ಎಲ್ಲರ ಮುಂದೆ ಹೇಳಿದ್ರು, ಆಟ ಬಲ್ಲವರೊಬ್ಬರು ಅವನ ಆಟ ವಿವರಿಸಿದ್ರಂತೆ. ಚೆಂಡು ಬರೋಕೆ ಮುಂಚೆ ಎರಡು ಸಲ ಹಿಂದೆ ನೋಡ್ತಾನಂತೆ. ಗೋಲು ತಿಂದ್ರೆ ಓಡಿಹೋಗಿ ಚೆಂಡು ತರ್ತಾನಂತೆ. ಕಾರ್ನರ್‌ಗೆ ಮುಂಚೆ ಬೂಟನ್ನ ಸಾಕ್ಸಿಗೆ ಒರೆಸ್ಕೋತಾನಂತೆ. ಎಂಟು ವರ್ಷ ಅವನ ಜೊತೆ ಆಡಿದ್ದೀನಪ್ಪ, ಒಂದು ದಿನಾನೂ ನಾನದನ್ನ ಕಂಡಿಲ್ಲ. ಅದು ನನ್ನ ಅಭ್ಯಾಸ ಅಂದ್ಕೊಂಡಿದ್ದೆ."

ಕತ್ತರಿ ಒಮ್ಮೆ ತೆರೆದುಕೊಂಡು ಹಾಗೇ ನಿಂತಿತು.

"ನೀನು ಒಂದು ಸಲವಾದ್ರೂ ಬಂದು ನೋಡಿದ್ದಿದ್ರೆ, ಅದು ಯಾರ ಅಭ್ಯಾಸ ಅಂತ ಹೇಳ್ತಿದ್ದೆ, ಅಲ್ವಾ?" ಎಂದ ಮಗ. ಮರುಕ್ಷಣವೇ ನಾಲಿಗೆ ಕಚ್ಚಿಕೊಂಡ. "ಅಯ್ಯೋ, ಬರಬೇಡ ಅಂದವನೇ ನಾನು."

ಹೌದು. ಹನ್ನೆರಡನೆಯ ವಯಸ್ಸಿನಲ್ಲಿ ಅಂದದ್ದು. ಅಪ್ಪ ಗೆರೆಯ ಪಕ್ಕ ನಿಂತದ್ದನ್ನು ನೋಡುತ್ತ ಓಡಿ, ಚೆಂಡಿನ ಮೇಲೇ ಕಾಲಿಟ್ಟು ಬಿದ್ದಿದ್ದ ದಿನ. "ನೀನು ನೋಡ್ತಿದ್ರೆ ನನ್ನ ಕಾಲು ನನ್ನ ಮಾತು ಕೇಳಲ್ಲಪ್ಪ, ಇನ್ನು ಬರಬೇಡ."

"ಟವೆಲ್ ಹಾಕಲಾ?" ಎಂದ ಕತ್ತರಿಯಣ್ಣ.

"ಹಾಕು. ಸ್ವಲ್ಪ ಹೊತ್ತು ಹಾಗೇ ಬಿಡು."

ಅವನು ಪರದೆಯ ಹಿಂದೆ ಹೋಗಿ ನೀರು ಕಾಯಿಸಿದ. ಟವೆಲ್ ಅದ್ದಿ, ಹಿಂಡಿ, ಎರಡು ಸಲ ಕೊಡವಿ, ತನ್ನ ಕೆನ್ನೆಗೆ ತಾಗಿಸಿ ಬಿಸಿ ನೋಡಿ, ಮಗನ ಮುಖಕ್ಕೆ ಸುತ್ತಿದ. ಕಿವಿಗಳನ್ನು ಮಾತ್ರ ಹೊರಗೆ ಬಿಟ್ಟ. ಅವುಗಳಲ್ಲಿ ಇಯರ್‌ಫೋನ್ ಇಲ್ಲವೆಂಬುದನ್ನು ಈ ಸಲ ಬಗ್ಗಿ ನೋಡಿ ಖಚಿತ ಮಾಡಿಕೊಂಡ. ಬೆಂಚು ಖಾಲಿ ಇತ್ತು. ಬಾಯಿ ತೆರೆದ.

"ಕೂದಲು ಹಿಂದೆ ಇನ್ನೂ ಚಿಕ್ಕದು ಮಾಡಲಾ?" ಎಂದ.

"ಹೂಂ," ಎಂದ ಮಗ, ಟವೆಲ್ಲಿನ ಒಳಗಿನಿಂದ.

ನೀರಿನ ಟ್ಯಾಂಕ್ ಪಕ್ಕದ ಸಂದಿಯಲ್ಲಿ ನಿಂತು ಏಳು ವರ್ಷ ತಾನು ನೋಡಿದ್ದು ಒಬ್ಬನೇ ಆಟಗಾರನನ್ನು ಎಂದು ಕತ್ತರಿಯಣ್ಣ ಅವನಿಗೆ ಹೇಳಲಿಲ್ಲ.